ನೀರು ಬಂದಾಗ ಎತ್ತಿಕೊಂಡು ಹೋದದ್ದು

ಚಪ್ಪಲಿ ಬಿಡಬೇಕಾ ಬೇಡವಾ ಅನ್ನೋ ಅನುಮಾನದಿಂದ ಇದೆಲ್ಲ ಶುರುವಾಯಿತು. ಆಂಧ್ರದಲ್ಲಿ ಕೃಷ್ಣೆಯ ಜಲಾಶಯದ ನಡುವೆ ಇರುವ ನಾಗಾರ್ಜುನಕೊಂಡದಲ್ಲಿ ಲಾಂಚ್ ಇಳಿದು, ಬಿಸಿಲಲ್ಲಿ ಮೇಲೆ ಹತ್ತಿ, ಮರುಕಟ್ಟಿದ ಸ್ತೂಪದ ಮುಂದೆ ನಿಂತಾಗ ನನ್ನ ಕಾಲು ತಾನಾಗೇ ಚಪ್ಪಲಿಯಿಂದ ಅರ್ಧ ಹೊರಗೆ ಬಂತು. ಆಮೇಲೆ ಸುತ್ತ ನೋಡಿದೆ. ಎಲ್ಲರೂ ಚಪ್ಪಲಿ ಹಾಕಿಕೊಂಡೇ ಓಡಾಡುತ್ತಿದ್ದರು. ಬೋರ್ಡಿನಲ್ಲಿ ಚಪ್ಪಲಿ ಬಗ್ಗೆ ಏನೂ ಬರೆದಿರಲಿಲ್ಲ. ಸುಮ್ನೆ ಯಾಕೆ ಅಂತ ಕಾಲನ್ನು ಮತ್ತೆ ಒಳಗೆ ತೂರಿಸಿದೆ. ಪಕ್ಕಕ್ಕೆ ತಿರುಗಿದರೆ ನನ್ನ ಗೆಳೆಯ ಶೂ ಬಿಚ್ಚಿ, ಸಾಕ್ಸ್ ಮಡಚಿ ಶೂ ಒಳಗೆ ಇಡುತ್ತಿದ್ದ.

ಇವನು ಬೈಲಕುಪ್ಪೆಯವನು. ಅಲ್ಲಿನ ಟಿಬೆಟನ್ ಕ್ಯಾಂಪಿನಲ್ಲೇ ಹುಟ್ಟಿ ಬೆಳೆದವನು. ಚಳಿಗಾಲ ಬಂದರೆ ಹಾಸನ, ಶಿವಮೊಗ್ಗ ಅಂತ ಸ್ವೆಟರ್ ಅಂಗಡಿ ಹಾಕುತ್ತಾನೆ, ಮಿಕ್ಕ ದಿನ ಜೋಳದ ಹೊಲ ನೋಡಿಕೊಳ್ಳುತ್ತಾನೆ. ಕುಶಾಲನಗರದ ನಮಗೆ ಸೇತುವೆ ದಾಟಿದರೆ ಅವನ ಊರು. ನಡುವೆ ಕಾವೇರಿ. ಈಚೆ ದಡ ಕೊಡಗು, ಆಚೆ ದಡ ಮೈಸೂರು ಜಿಲ್ಲೆ. 2006ರ ಜನವರಿಯಲ್ಲಿ ದಲೈ ಲಾಮಾ ಆಂಧ್ರದ ಅಮರಾವತಿಯಲ್ಲಿ ಕಾಲಚಕ್ರ ಅನ್ನೋ ದೊಡ್ಡ ದೀಕ್ಷೆ ನಡೆಸಿದಾಗ ಇವನ ಮನೆಯವರೆಲ್ಲ ಬಸ್ಸು ಹತ್ತಿ ಹೋಗಿದ್ದರು. ಇವನು ಮಾತ್ರ ಹೋಗಿರಲಿಲ್ಲ. ಜನವರಿ ಅಂದರೆ ಸ್ವೆಟರ್ ಸೀಸನ್. "ನಾನು ಬುದ್ಧನ ಬಿಟ್ಟು ಉಣ್ಣೆ ಹಿಡ್ಕೊಂಡೆ" ಅಂತ ಇವತ್ತಿಗೂ ಹೇಳಿಕೊಂಡು ನಗುತ್ತಾನೆ. ಆ ಬಾಕಿ ತೀರಿಸೋಕೆ ಅಂತಲೇ ಈ ಸಲ ಸೀಸನ್ ಮುಗಿಸಿ ಮಾರ್ಚ್‌ನಲ್ಲಿ ನನ್ನನ್ನು ಹೊರಡಿಸಿದ್ದು. ಅಮರಾವತಿಗಿಂತ ಮೊದಲು ನಾಗಾರ್ಜುನಕೊಂಡ ನೋಡಬೇಕು ಅಂತ ಅವನದೇ ಹಟ. ಟಿಬೆಟನ್ನರಿಗೆ ನಾಗಾರ್ಜುನ ಅಂದರೆ ಬಹಳ ದೊಡ್ಡ ಗುರು, ಲುಡ್ರುಪ್ ಅನ್ನುತ್ತಾರೆ. ಅಲ್ಲಿನ ಶಾಸನಗಳಲ್ಲಿ ನಾಗಾರ್ಜುನನ ಹೆಸರೇ ಇಲ್ಲ, ಬೆಟ್ಟದ ಹೆಸರು ಶ್ರೀಪರ್ವತ, ಊರಿನ ಹೆಸರು ವಿಜಯಪುರಿ ಅಂತಿದೆ ಎಂದು ನಾನು ರೈಲಿನಲ್ಲಿ ಜಾಣತನ ತೋರಿಸಿದೆ. "ಹೆಸರು ಬರ್ಸಿಲ್ಲ ಅಂದ್ರೆ ಬಂದೇ ಇಲ್ಲ ಅಂತಲಾ? ನಿಮ್ಮ ಮನೆಗೆ ನಾನು ಎಷ್ಟು ಸಲ ಬಂದಿದೀನಿ, ಎಲ್ಲಿ ಬರ್ದಿದೀರ ತೋರ್ಸು" ಅಂದ. ನಾನು ಬಾಯಿ ಮುಚ್ಚಿಕೊಂಡೆ.

ಸರಿ, ಶೂ ಬಿಟ್ಟ. ಮಾರ್ಚ್ ಬಿಸಿಲು, ಕಾದ ನೆಲ. ಕಾವಲಿನವರು ದೂರದಿಂದಲೇ "ಕಾಳ್ಳು ಕಾಲ್ತಾಯಿ ಸಾರ್" ಅಂದರು. ತೆಲುಗು ಬರದಿದ್ದರೂ ಅರ್ಥವಾಗುವ ಮಾತು. ಇವನು ಕೇಳಲಿಲ್ಲ. ಎಡದಿಂದ ಬಲಕ್ಕೆ ಕೋರಾ ಶುರು ಮಾಡಿದ. ಕೋರಾ ಅಂದರೆ ಅವರ ಪ್ರದಕ್ಷಿಣೆ. ಮೊದಲ ಸುತ್ತು ಗಂಭೀರವಾಗಿ ನಡೆದ. ಎರಡನೇ ಸುತ್ತಿನಲ್ಲಿ ಹುಲ್ಲು ಇದ್ದ ಕಡೆ ನಿಧಾನ, ಕಲ್ಲಿನ ಮೇಲೆ ಬೇಗ. ಮೂರನೇ ಸುತ್ತಿಗೆ ಸುಮಾರಾಗಿ ಓಡುತ್ತಲೇ ಇದ್ದ. ಶಾಲೆಯ ಮಕ್ಕಳ ಒಂದು ಗುಂಪು ಬಂದಿತ್ತು. ಮೊದಲು ಕಿಸಕ್ಕಂದರು. ಆಮೇಲೆ ಇಬ್ಬರು ಹುಡುಗರು ಅವನ ಹಿಂದೆ ಓಡಿದರು, ಅವರ ಹಿಂದೆ ಇನ್ನಷ್ಟು. ಮೇಷ್ಟ್ರು ಕೂಗಿಕೊಳ್ಳುವಷ್ಟರಲ್ಲಿ ಒಂದು ಸುತ್ತು ಮುಗಿದೇ ಹೋಗಿತ್ತು.

ನೆರಳಿಗೆ ಬಂದು ಕಾಲು ತಿಕ್ಕಿಕೊಳ್ಳುತ್ತಾ "ಒಳಗೆ ಏನಾದ್ರೂ ಉಂಟಾ?" ಅಂತ ಕೇಳಿದ. ಇಲ್ಲ ಅಂದೆ. ಕೆಳಗಿನ ಕಣಿವೆಯ ಮಹಾಚೈತ್ಯವನ್ನು, ಅಂದರೆ ಅಲ್ಲಿನ ದೊಡ್ಡ ಸ್ತೂಪವನ್ನು, ಬ್ರಿಟಿಷರ ಕಾಲದಲ್ಲಿ ಪುರಾತತ್ವದ ಲಾಂಗ್‌ಹರ್ಸ್ಟ್ ಅಗೆಸಿದಾಗ ಚಿನ್ನದ ಪುಟ್ಟ ಕರಂಡಕದಲ್ಲಿ ಚೂರು ಅಸ್ಥಿ ಸಿಕ್ಕಿತ್ತು, ಅದು ಸಾರನಾಥಕ್ಕೆ ಹೋಯಿತು. ಇಲ್ಲಿರೋದು ಕಲ್ಲು, ಇಟ್ಟಿಗೆ. ಅವನು ಸಾಕ್ಸ್ ಹಾಕಿಕೊಳ್ಳುತ್ತಾ, "ಇರ್ಲಿ ಬಿಡು. ಸುತ್ತದೆ ಬಂದೆ ಅಂದ್ರೆ ಆಮಾ ಮನೆಗೆ ಸೇರ್ಸಲ್ಲ" ಅಂದ.

ನಾನು ಸುತ್ತಲಿಲ್ಲ. ಅದೇ ನನ್ನನ್ನು ಇಷ್ಟು ತಿಂಗಳಿಂದ ಕೊರೆಯುತ್ತಿರೋದು. ಬಿಸಿಲಿಗೆ ಹೆದರಿ ಅಲ್ಲ. ಮ್ಯೂಸಿಯಂನಲ್ಲಿ ಯಾರಾದರೂ ಪ್ರದಕ್ಷಿಣೆ ಹಾಕ್ತಾರಾ ಅನ್ನೋ ನಾಚಿಕೆ.

ಆ ರಾತ್ರಿ

ನಮ್ಮ ಮನೆ ನದಿಗೆ ಹತ್ತಿರದ ಒಂದು ಬಡಾವಣೆಯಲ್ಲಿದೆ. 2018ರಲ್ಲಿ ನೀರು ಗೇಟಿನ ತನಕ ಬಂದು, ನೋಡಿ, ಹೋಯಿತು. 2019ರ ಆಗಸ್ಟ್‌ನಲ್ಲಿ ಹಾಗೆ ಹೋಗಲಿಲ್ಲ. ಮಧ್ಯಾಹ್ನ ರಸ್ತೆಯಲ್ಲಿ ಪಾದ ಮುಳುಗುವಷ್ಟು ಇತ್ತು. ಕಾವೇರಿ ನೀರು ಸದ್ದು ಮಾಡಿಕೊಂಡು ನುಗ್ಗುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಅದು ಬಂದದ್ದು ಬಚ್ಚಲಿನ ತೂತಿನಿಂದ. ಗುಳುಗುಳು ಅಂತ, ಪಾತ್ರೆ ತೊಳೆದ ನೀರು ವಾಪಸ್ ಬರುವ ಹಾಗೆ. ಕತ್ತಲಾಗುವಷ್ಟರಲ್ಲಿ ಕರೆಂಟ್ ಹೋಯಿತು. ನಮ್ಮದು ಆಗ ಒಂದೇ ಅಂತಸ್ತಿನ ಮನೆ. ಹಿಂದಿನ ಮನೆಯವರು ಮಹಡಿಯಿಂದ ಟಾರ್ಚ್ ಬಿಟ್ಟು "ಬನ್ನಿ, ಎಲ್ಲ ಬಿಟ್ಟು ಬನ್ನಿ" ಅಂತ ಕೂಗಿದರು.

ಎಲ್ಲ ಬಿಟ್ಟು ಬನ್ನಿ ಅಂದರೆ ಯಾರು ಬಿಟ್ಟು ಬರ್ತಾರೆ? ಅಪ್ಪ ಕಾಗದಪತ್ರದ ಬ್ಯಾಗ್ ಹಿಡಿದರು. ಆಧಾರ್, ಪಾಸ್‌ಬುಕ್, ಜಾಗದ ಪತ್ರ, ಎಲ್ಲ ಮೊದಲೇ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟಿದ್ದರು. ಅಣ್ಣ ಗೋಡೆಯಿಂದ ಟಿವಿ ಬಿಚ್ಚೋಕೆ ಸ್ಕ್ರೂಡ್ರೈವರ್ ಹುಡುಕುತ್ತಿದ್ದ. ಅತ್ತಿಗೆ ಮಗುವಿನ ಜೊತೆ ಆಗಲೇ ಮೆಟ್ಟಿಲ ಮೇಲಿದ್ದಳು. ನಾನು ಲ್ಯಾಪ್‌ಟಾಪ್ ತಲೆ ಮೇಲೆ ಹೊತ್ತುಕೊಂಡೆ, ಚಾರ್ಜರ್ ಮರೆತೆ. ಅಮ್ಮ ಅಡುಗೆಮನೆಯಿಂದ ಹೊರಗೆ ಬಂದಳು. ತೊಡೆಮಟ್ಟದ ನೀರಲ್ಲಿ, ಎರಡೂ ಕೈಯಲ್ಲಿ ತಬ್ಬಿಕೊಂಡು ತಂದದ್ದು ಶಾವಿಗೆ ಒರಳು.

ಹಳೇ ಮರದ ಒರಳು, ಹಲಸಿನದು. ಅಜ್ಜಿ ಮದುವೆಯಾಗಿ ಬಂದಾಗಿನದ್ದಂತೆ. ಮೇಲೆ ಅದುಮುವ ಕೈ, ಕೆಳಗೆ ತೂತಿನ ಹಿತ್ತಾಳೆ ಬಿಲ್ಲೆ. ಒಬ್ಬರು ಹಿಡಿದುಕೊಂಡು ಇನ್ನೊಬ್ಬರು ಮೈಭಾರ ಬಿಟ್ಟು ಒತ್ತಬೇಕು. ನೂಪುಟ್ಟು, ಅಂದರೆ ನಮ್ಮ ಕಡೆಯ ಅಕ್ಕಿ ಶಾವಿಗೆ, ಅದರಲ್ಲೇ ಆಗಬೇಕು ಅನ್ನೋದು ಅಮ್ಮನ ಹಟ. "ಅದು ಮರ ಅಮ್ಮ, ಬಿಟ್ರೂ ತೇಲುತ್ತೆ" ಅಂತ ಅಣ್ಣ ಕಿರುಚಿದ. "ತೇಲಿ ಎಲ್ಲಿಗೆ ಹೋಗುತ್ತೆ, ನಿನ್ನಪ್ಪ ಹೋಗಿ ತರ್ತಾರಾ?" ಅಂತ ಅಮ್ಮನೂ ಕಿರುಚಿದಳು. ಆ ಗಲಾಟೆಯಲ್ಲಿ ಟಿವಿ ಅಲ್ಲೇ ಉಳಿಯಿತು. ದೇವರ ಫೋಟೋಗಳೂ ಉಳಿದವು. ಅದನ್ನು ಅಮ್ಮ ಮೇಲೆ ಹೋದ ಮೇಲೆ ನೆನಪು ಮಾಡಿಕೊಂಡು ಅತ್ತಳು.

ನೀರು ಇಳಿದ ಮೇಲೆ ಒಳಗೆ ಹೋದರೆ ಮೊಣಕಾಲ ಗಂಟಿಗೆ ಸ್ವಲ್ಪ ಕೆಳಗಿನವರೆಗೆ ಕೆಸರು. ಫ್ರಿಜ್ ಮಲಗಿತ್ತು. ಅಕ್ಕಿ ಡಬ್ಬದಲ್ಲಿ ಅಕ್ಕಿ ಊದಿಕೊಂಡು ಮುಚ್ಚಳವನ್ನೇ ಎತ್ತಿತ್ತು. ಗೋಡೆಯ ಮೇಲೆ ನೀರು ನಿಂತ ಗೆರೆ, ಸ್ಕೇಲ್ ಇಟ್ಟು ಎಳೆದ ಹಾಗೆ. ಅದರ ಮೇಲೆ ಮೂರು ಸಲ ಬಣ್ಣ ಹೊಡೆಸಿದ್ದೇವೆ. ಮಳೆಗಾಲ ಬಂದರೆ ಈಗಲೂ ಮೆಲ್ಲಗೆ ಕಾಣುತ್ತದೆ.

ಹನ್ನೆರಡು ವರ್ಷ ಮೊದಲೇ ಗೊತ್ತಿದ್ದ ನೀರು

ನಾಗಾರ್ಜುನಕೊಂಡದ ಮ್ಯೂಸಿಯಂ ಒಳಗೆ ನಡೆಯುವಾಗ ನನಗೆ ಮತ್ತೆ ಮತ್ತೆ ಆ ರಾತ್ರಿ ಜ್ಞಾಪಕಕ್ಕೆ ಬರುತ್ತಿತ್ತು. ಅಲ್ಲೂ ನೀರು ಬಂತು. ವ್ಯತ್ಯಾಸ ಏನಂದರೆ, ಬರುತ್ತದೆ ಅಂತ ಅವರಿಗೆ ಮೊದಲೇ ಗೊತ್ತಿತ್ತು.

ಕೃಷ್ಣೆಯ ದಡದ ಆ ಕಣಿವೆಯಲ್ಲಿ ಮೂರು, ನಾಲ್ಕನೇ ಶತಮಾನದಲ್ಲಿ ಇಕ್ಷ್ವಾಕು ರಾಜರ ರಾಜಧಾನಿ ಇತ್ತು. ಮೂವತ್ತಕ್ಕೂ ಹೆಚ್ಚು ಬೌದ್ಧ ನೆಲೆಗಳಿದ್ದವು. ನಡುವೆ ಕಂಬದ ಮಂಟಪ, ಸುತ್ತ ಸಾಲು ಕೋಣೆಗಳು, ಒಂದೊಂದರಲ್ಲಿ ಒಬ್ಬ ಭಿಕ್ಷು ಕಾಲು ಚಾಚಬಹುದಾದಷ್ಟು ಜಾಗ. ಆಮೇಲೆ ಎಲ್ಲ ಕಾಡು ಬಿತ್ತು. 1926ರಲ್ಲಿ ಮಾಚರ್ಲದ ಕಡೆಯ ಒಬ್ಬ ಶಾಲಾ ಮೇಷ್ಟ್ರು, ಸೂರಪರಾಜು ವೆಂಕಟರಾಮಯ್ಯ, ಇಲ್ಲಿ ಕೆತ್ತಿದ ಕಂಬಗಳಿವೆ ಅಂತ ತಿಳಿಸಿದ ಮೇಲೆ ಹೊರಗಿನವರು ಬಂದರು. (ನಮ್ಮ ದೇಶದಲ್ಲಿ ಎಷ್ಟು ಶಾಸನ, ಎಷ್ಟು ವೀರಗಲ್ಲುಗಳನ್ನು ಮೇಷ್ಟ್ರುಗಳು ಉಳಿಸಿದ್ದಾರೋ! ಅವರ ಫೋಟೋ ಯಾವ ಮ್ಯೂಸಿಯಂನಲ್ಲೂ ನಾನು ಕಂಡಿಲ್ಲ.) ಸ್ವಾತಂತ್ರ್ಯ ಬಂದ ಮೇಲೆ ಅಣೆಕಟ್ಟಿನ ಯೋಜನೆ ಬಂತು. 1954ರಿಂದ 1960ರವರೆಗೆ ಪುರಾತತ್ವ ಇಲಾಖೆಯ ಆರ್. ಸುಬ್ರಹ್ಮಣ್ಯಂ ಅವರ ತಂಡ ಇಡೀ ಕಣಿವೆಯನ್ನು ಅಗೆಯಿತು. ಅವರು ಅಗೆಯುತ್ತಿರುವಾಗಲೇ, 1955ರ ಡಿಸೆಂಬರ್‌ನಲ್ಲಿ ನೆಹರೂ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಒಂದು ಕಡೆ ಮಣ್ಣು ತೆಗೆಯೋದು, ಇನ್ನೊಂದು ಕಡೆ ಮುಚ್ಚೋಕೆ ಗೋಡೆ ಏಳೋದು. 1966ರಲ್ಲಿ ಬೆಟ್ಟದ ಮೇಲೆ ಮ್ಯೂಸಿಯಂ ತೆರೆಯಿತು, 1967ರಲ್ಲಿ ಅಣೆಕಟ್ಟು ಪೂರ್ತಿಯಾಯಿತು. ಬೆಟ್ಟ ದ್ವೀಪವಾಯಿತು. ಕೆಳಗಿನ ಹಳ್ಳಿಗಳೂ ಮುಳುಗಿದವು.

ಎಲ್ಲವನ್ನೂ ಎತ್ತಿಕೊಂಡು ಹೋಗೋಕೆ ಆಗುತ್ತಾ? ನೂರಕ್ಕೂ ಹೆಚ್ಚು ತಾಣಗಳಲ್ಲಿ ಒಂಬತ್ತನ್ನು ಬಿಚ್ಚಿ ಬೆಟ್ಟದ ಮೇಲೆ ಕಟ್ಟಿದರು. ಇನ್ನು ಹದಿನಾಲ್ಕಕ್ಕೆ ಅನುಪು ಅನ್ನೋ ಕಡೆ ಪೂರ್ವ ದಡದಲ್ಲಿ ಮಾದರಿ ಮಾಡಿಟ್ಟರು. ಮಿಕ್ಕದ್ದಕ್ಕೆ ನಕ್ಷೆ, ಫೋಟೋ. ಯಾವುದನ್ನು ಎತ್ತಬೇಕು ಅಂತ ಕೂತು ಪಟ್ಟಿ ಮಾಡಿದವರ ಮುಖ ನಾನು ಊಹಿಸಿಕೊಳ್ಳುತ್ತೇನೆ. ಅವರಲ್ಲೂ ಒಬ್ಬರು ಟಿವಿ ಅಂದಿರಬೇಕು, ಒಬ್ಬರು ಒರಳು ಅಂದಿರಬೇಕು. ಎತ್ತಿಟ್ಟದ್ದರಲ್ಲಿ ನನಗೆ ಬಹಳ ಹಿಡಿಸಿದ್ದು ಸ್ನಾನಘಟ್ಟ. ನದಿಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳು, ಅಷ್ಟು ನೇರ, ಅಷ್ಟು ಚೆಂದ. ಬೆಟ್ಟದ ಮೇಲೆ ಇಟ್ಟಿರೋದರಿಂದ ಮೆಟ್ಟಿಲು ಇಳಿದರೆ ಕಾಲಿಗೆ ನೀರು ಸಿಗಲ್ಲ. ನೀರಿಂದ ಕಾಪಾಡಿದ ಸ್ನಾನಘಟ್ಟ! ನನಗೆ ನಗು ಬಂತು, ಆಮೇಲೆ ನಗಬಾರದಿತ್ತು ಅನ್ನಿಸಿತು. ಬಿಟ್ಟಿದ್ದರೆ ಅದು ಇವತ್ತು ಕೆಳಗೆ ಹೂಳಿನಲ್ಲಿ ಇರುತ್ತಿತ್ತು.

ಇನ್ನೊಂದು ಮಾತು ಹೇಳಲೇಬೇಕು, ಕನ್ನಡದವರಿಗೆ ಬೇಕಾದದ್ದು. ಅಲ್ಲಿನ ಶಾಸನಗಳಲ್ಲಿ ಹೆಂಗಸರದ್ದೇ ಕಾರುಬಾರು. ಮಹಾಚೈತ್ಯಕ್ಕೆ ಖರ್ಚು ಮಾಡಿದ ಚಾಂತಸಿರಿ ಇಕ್ಷ್ವಾಕು ರಾಜ ಚಾಂತಮೂಲನ ಸೋದರಿ. ಕೊಡಬಲಿಸಿರಿ ಅನ್ನುವವಳು ಆಮೇಲಿನ ರಾಜ ವೀರಪುರುಷದತ್ತನ ಮಗಳು. ಅವಳನ್ನು ಕೊಟ್ಟದ್ದು ನಮ್ಮ ಬನವಾಸಿಗೆ, ಅಲ್ಲಿನ ಮಹಾರಾಜನಿಗೆ. ಅವಳು ತವರಿನಲ್ಲಿ, ಅಣ್ಣನೋ ತಮ್ಮನೋ ರಾಜನಾಗಿದ್ದಾಗ, ಒಂದು ವಿಹಾರ ಕಟ್ಟಿಸಿ ಶಾಸನ ಹಾಕಿಸಿದಳು. ಬನವಾಸಿಯಿಂದ ಕೃಷ್ಣೆಯ ತನಕ ತವರಿಗೆ ಬರೋಕೆ ಎಷ್ಟು ದಿನ ಹಿಡಿದಿರಬೇಕು! ಇನ್ನು ಬೋಧಿಸಿರಿ ಅನ್ನೋ ಉಪಾಸಿಕೆ. ರಾಣಿಯಲ್ಲ, ಆದರೆ ಕೈ ದೊಡ್ಡದು. ಸಿಂಹಳದ ಭಿಕ್ಷುಗಳಿಗೆ ಚೈತ್ಯಗೃಹ, ಇನ್ನೊಂದು ಕಡೆ ಬೋಧಿವೃಕ್ಷಕ್ಕೆ ಕಟ್ಟೆಮನೆ, ಮತ್ತೊಂದು ಕಡೆ ಒಂದು ಕೋಣೆ, ಒಂದು ಕಡೆ ಮೂರು ಕೋಣೆ, ಒಂದು ಕಡೆ ಏಳು, ಒಂದು ಕಂಬ, ಒಂದು ಕೆರೆ... ಪಟ್ಟಿ ಹೀಗೆ ಹೋಗುತ್ತದೆ. ನಮ್ಮ ದೇವಸ್ಥಾನಗಳಲ್ಲಿ ಟ್ಯೂಬ್‌ಲೈಟಿನ ಮೇಲೆ ದಾನಿಗಳ ಹೆಸರು ಬರೆಸಿ ಬೆಳಕನ್ನೇ ಮುಚ್ಚಿಬಿಡುತ್ತಾರಲ್ಲ, ಅದೇ ವಂಶ. ಓದಿ ಹೇಳಿದಾಗ ಗೆಳೆಯ "ನಮ್ ಗೊಂಪಾದಲ್ಲೂ ಹೀಗೇ ಬೋರ್ಡ್ ಉಂಟು" ಅಂತ ಖುಷಿಪಟ್ಟ. ಗೊಂಪಾ ಅಂದರೆ ಅವರ ಮಠ. ಆ ದಿನ ಅವನಿಗೆ ಇದು ಪರಿಚಯದ ಜಾಗ ಅನ್ನಿಸಿದ್ದು ಬುದ್ಧನ ದೊಡ್ಡ ಮೂರ್ತಿ ನೋಡಿ ಅಲ್ಲ, ಈ ಲೆಕ್ಕ ಕೇಳಿ.

ಕಲ್ಲಿಲ್ಲದೆ ಬಂದ ಮಠ

ವಾಪಸ್ ಬರುವಾಗ ಲಾಂಚಿನಲ್ಲಿ ಅವನು ಸುಮ್ಮನಿದ್ದ. ಸ್ವಲ್ಪ ಹೊತ್ತಾದ ಮೇಲೆ "ಇಲ್ಲಿ ಲಾಮಾಗಳೆಲ್ಲ ಎಲ್ಲಿಗೆ ಹೋದ್ರು?" ಅಂತ ಕೇಳಿದ. ನೀರು ಬರುವ ಹೊತ್ತಿಗೆ ಭಿಕ್ಷುಗಳು ಇರಲೇ ಇಲ್ಲ, ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ಹೋಗಿದ್ದರು ಅಂದೆ. "ಹಂಗಾದ್ರೆ ಕಲ್ಲಷ್ಟೇ ಮೇಲೆ ಹತ್ತಿದ್ದು" ಅಂದ. ಅವನು ಲೆಕ್ಕ ಹಾಕುತ್ತಿದ್ದದ್ದು ಬೇರೇನೋ ಅಂತ ಆಮೇಲೆ ಹೊಳೆಯಿತು.

ಸೆರಾ ಮಠ ಲಾಸಾದಲ್ಲಿ ಶುರುವಾಗಿದ್ದು 1419ರಲ್ಲಿ. 1959ರಲ್ಲಿ ತಪ್ಪಿಸಿಕೊಂಡು ಬಂದ ಭಿಕ್ಷುಗಳು ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರ ಕಾಲದ ಜೈಲಿದ್ದ ಕೋಟೆಯಲ್ಲಿ ಸುಮಾರು ಹತ್ತು ವರ್ಷ ಇದ್ದರು. ಅಲ್ಲಿಂದ ಬೈಲಕುಪ್ಪೆಗೆ ಬಂದು, ಕಾಡು ಸವರಿ ಮತ್ತೆ ಸೆರಾ ಕಟ್ಟಿದರು. ಇವತ್ತು ಪ್ರವಾಸಿಗಳು ಗೋಲ್ಡನ್ ಟೆಂಪಲ್ ಅನ್ನುವ ನಾಮ್‌ಡ್ರೋಲಿಂಗ್ ಕೂಡ ಅಂಥದ್ದೇ. ಮೂಲ ಪೂರ್ವ ಟಿಬೆಟಿನ ಪಲ್ಯುಲ್ ಮಠ. 1963ರಲ್ಲಿ ಪೆನೋರ್ ರಿಂಪೋಚೆ ಇಲ್ಲಿ ಶುರು ಮಾಡಿದಾಗ ಇದ್ದದ್ದು ಬಿದಿರು. ಒಂದು ಕಲ್ಲೂ ಅಲ್ಲಿಂದ ಬಂದದ್ದಲ್ಲ. ಬಂದದ್ದು ಬಾಯಿಪಾಠ, ಕಹಳೆ ಊದುವ ಕ್ರಮ, ವಾದ ಮಾಡುವಾಗ ಕೈ ತಟ್ಟುವ ರೀತಿ. ಆ ಚಪ್ಪಾಳೆ ವಾದ ನೀವು ನೋಡಿರಬಹುದು. ಸಂಜೆ ಹೊತ್ತು ಅಂಗಳದಲ್ಲಿ ಕೂತವನ ಮುಂದೆ ನಿಂತವನು ಕಾಲು ಕುಟ್ಟಿ, ಕೈ ತಟ್ಟಿ ಪ್ರಶ್ನೆ ಎಸೆಯುತ್ತಾನೆ. ಜಗಳ ಅಂತಲೇ ನಾನು ಚಿಕ್ಕವನಿದ್ದಾಗ ತಿಳಿದುಕೊಂಡಿದ್ದೆ. ಅವರು ವಾದ ಮಾಡುವ ವಿಷಯಗಳಲ್ಲಿ ಅದೇ ನಾಗಾರ್ಜುನನ ಶೂನ್ಯತೆಯೂ ಒಂದು.

ಅಷ್ಟಾದರೂ ನಾಮ್‌ಡ್ರೋಲಿಂಗ್‌ಗೆ ಬರುವ ನಮ್ಮ ಜನ ಅದನ್ನು ನೋಡುವುದು ಮ್ಯೂಸಿಯಂ ಥರವೇ. ರಜೆ ದಿನ ಹೋಗಿ ನೋಡಿ. ಮೂರು ದೊಡ್ಡ ಬಂಗಾರದ ಮೂರ್ತಿಗಳು, ನಡುವೆ ಬುದ್ಧ, ಆಚೀಚೆ ಪದ್ಮಸಂಭವ, ಅಮಿತಾಯು. ಎದುರಿಗೆ ಸಾಲು ಸಾಲು ಸೆಲ್ಫಿ. ಪೂಜೆ ನಡೆಯುತ್ತಿದ್ದರೂ ಮಧ್ಯೆ ಹಾದು ಹೋಗುತ್ತಾರೆ. ನಾನೂ ಹೊರಗಿನ ನೆಂಟರು ಬಂದಾಗಲೆಲ್ಲ ಕರೆದುಕೊಂಡು ಹೋಗಿ, ಮೋಮೋ ತಿನ್ನಿಸಿ, ವಾಪಸ್ ಕರೆತಂದಿದ್ದೇನೆ. ಎಷ್ಟು ಸಲ ಅಂತ ಲೆಕ್ಕವಿಲ್ಲ. ಒಂದು ಸಲವೂ ಪೂಜೆ ಮುಗಿಯುವ ತನಕ ಕೂತಿಲ್ಲ. ಗೆಳೆಯ ಖಾಲಿ ಸ್ತೂಪವನ್ನು ಬರಿಗಾಲಲ್ಲಿ ಸುತ್ತಿದಾಗ ನನಗೆ ಆದ ಇರುಸುಮುರುಸು ಇದರದ್ದೇ ಇರಬೇಕು. ಅವನು ನಮ್ಮ ಮ್ಯೂಸಿಯಂನಲ್ಲಿ ನಡೆದುಕೊಂಡ ರೀತಿಗೂ ನಾನು ಅವನ ಮಠದಲ್ಲಿ ನಡೆದುಕೊಳ್ಳುವ ರೀತಿಗೂ ತಾಳೆ ಹಾಕಿದರೆ ನನಗೆ ಮರ್ಯಾದೆ ಇಲ್ಲ.

ಮಡಿಕೇರಿ ಕೋಟೆಯೊಳಗಿನ ಮ್ಯೂಸಿಯಂ ಕೂಡ ಮೊದಲು ಚರ್ಚ್ ಆಗಿತ್ತಲ್ವಾ. ಬ್ರಿಟಿಷರು 1855ರಲ್ಲಿ ಕಟ್ಟಿದ ಸೇಂಟ್ ಮಾರ್ಕ್ಸ್ ಚರ್ಚು. ಅದಕ್ಕೂ ಮೊದಲು ಆ ಜಾಗದಲ್ಲಿ ವೀರಭದ್ರನ ಗುಡಿ ಇತ್ತು ಅನ್ನುತ್ತಾರೆ. 1971ರಿಂದ ಮ್ಯೂಸಿಯಂ. ಐದನೇ ಕ್ಲಾಸಿನಲ್ಲಿ ಶಾಲೆಯಿಂದ ಕರೆದುಕೊಂಡು ಹೋಗಿದ್ದರು. ಬಣ್ಣದ ಗಾಜಿನ ಕಿಟಕಿ, ಅದರ ಕೆಳಗೆ ಮೂಗು ಮುರಿದ ಕಲ್ಲಿನ ಮೂರ್ತಿಗಳು. ನಮ್ಮ ಕ್ಲಾಸಿನ ಹುಡುಗಿಯೊಬ್ಬಳು ಬಾಗಿಲಲ್ಲಿ ಹಣೆ, ಎದೆ, ಭುಜ ಮುಟ್ಟಿಕೊಂಡು ಒಳಗೆ ಬಂದಳು. ಇನ್ನೊಬ್ಬ ಒಂದು ಮೂರ್ತಿಗೆ ಕೈ ಮುಗಿದ. ಟೀಚರ್ ಇಬ್ಬರಿಗೂ "ಇದು ಅದಲ್ಲ, ಮುಂದೆ ನಡೀರಿ" ಅಂದರು. ಇಷ್ಟು ವರ್ಷ ನಾನು ಮುಂದೆ ನಡೆಯುತ್ತಲೇ ಇದ್ದೆ.

ಒರಳು

ಮಹಾಪೂರದ ಮರು ವರ್ಷ ಮೇಲೊಂದು ರೂಮು ಕಟ್ಟಿಸಿದೆವು. ಮೊದಲು ಮೇಲಕ್ಕೆ ಹೋದದ್ದು ಒರಳು. ಅಮ್ಮ ಅದಕ್ಕೆ ಹಳೇ ಸೀರೆ ಸುತ್ತಿ, ಟ್ರಂಕಿನಲ್ಲಿ ಇಟ್ಟಳು. ಕೆಳಗಿನ ಅಡುಗೆಮನೆಗೆ ಅತ್ತಿಗೆ ಒಂದು ಸ್ಟೀಲಿನದು ತಂದಳು, ಒಬ್ಬರೇ ತಿರುಗಿಸಬಹುದು, ಹಗುರ. ನೂಪುಟ್ಟು ಚೆನ್ನಾಗೇ ಬರುತ್ತದೆ. ನೆಂಟರು ಬಂದಾಗ ಅಮ್ಮ ಮೇಲೆ ಕರೆದುಕೊಂಡು ಹೋಗಿ ಟ್ರಂಕು ತೆಗೆದು ತೋರಿಸುತ್ತಾಳೆ. ಇದನ್ನೇ ನೋಡಿ ನೀರಲ್ಲಿ ಹೊತ್ತುಕೊಂಡು ಬಂದದ್ದು, ಅಂತ ಕಥೆ ಹೇಳುತ್ತಾಳೆ. ಆಮೇಲೆ ಮುಚ್ಚುತ್ತಾಳೆ. ನಾಗಾರ್ಜುನಕೊಂಡದಿಂದ ಬಂದ ಮೇಲೆ ನನಗೆ ಆ ಟ್ರಂಕು ನೋಡಿದರೆ ಒಂಥರಾ ಆಗೋಕೆ ಶುರುವಾಯಿತು.

ಹೋದ ತಿಂಗಳು ಗೆಳೆಯ ಬಂದಿದ್ದ. ಅಮ್ಮ ಕಥೆ ಹೇಳಿ ಮುಗಿಸಿದ ಮೇಲೆ ಅವನು ಒರಳಿನ ಕೈ ಹಿಡಿದು ಒಂದು ಸಲ ಒತ್ತಿ ನೋಡಿದ. ಕಿರ್ರ್ ಅಂತು. "ಆಂಟಿ, ಇದು ಕೆಲ್ಸ ಮಾಡುತ್ತಾ?" ಅಂತ ಕೇಳಿದ. ಅಮ್ಮನಿಗೆ ರೇಗಿತು. "ಮಾಡದೆ ಏನು?" ಅಂದವಳೇ ಕೆಳಗೆ ಇಳಿಸು ಅಂದಳು. ನಾವಿಬ್ಬರೂ ಆ ಕಡೆ ಈ ಕಡೆ ಹಿಡಿದು ಮೆಟ್ಟಿಲು ಇಳಿಸಿದೆವು. ಅಮ್ಮ ಬಿಸಿನೀರು ಹಾಕಿ ಎರಡು ಸಲ ತೊಳೆದು, ತೂತುಗಳಿಗೆ ಎಣ್ಣೆ ಸವರಿ, ಬೆಂದ ಹಿಟ್ಟಿನ ಉಂಡೆ ಇಟ್ಟಳು. ನಾನು ಹಿಡಿದುಕೊಂಡೆ, ಅವನು ಮೈಭಾರ ಬಿಟ್ಟ. ಮೊದಲು ಏನೂ ಬರಲಿಲ್ಲ. ಆಮೇಲೆ ಒಂದು ಕಡೆ ಮಾತ್ರ ನಾಲ್ಕು ಎಳೆ ಇಳಿದವು, ಆಮೇಲೆ ಎಲ್ಲ ತೂತಿನಿಂದಲೂ ಬಂತು.

ಮೊದಲನೇ ತಟ್ಟೆಗೆ ಟ್ರಂಕಿನ ನುಸಿಗುಳಿಗೆ ವಾಸನೆ ಹಿಡಿದಿತ್ತು. ಅಮ್ಮ ಮೂಸಿ ನೋಡಿ ಅದನ್ನು ಹಿತ್ತಿಲಿಗೆ ಎಸೆದಳು. ಎರಡನೇದೂ ಸ್ವಲ್ಪ ಹಾಗೇ ಇತ್ತು. ಮೂರನೇದನ್ನು ತಿಂದೆವು.